ಕಣ್ಣಿಗೆ ಕಾಣದ ಬಿರುಕು: ವಿದ್ಯುತ್ ಮಾಪನದಿಂದ ಪತ್ತೆ ಹೇಗೆ?

ಬಿಡಿಭಾಗಗಳ ಬಿರುಕು ಮತ್ತು ತುಕ್ಕಿನ ಪರೀಕ್ಷೆ – ಸಣ್ಣ ಉದ್ದಿಮೆದಾರರಿಗೆ ಒಂದು ಪರಿಚಯ

ಬನಶಂಕರಿ ಮೂರನೆಯ ಹಂತದಿಂದ ಮೈಸೂರು ರಸ್ತೆಯ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಸಾಗುವವರಿಗೆ ನಡುವೆ ಸಿಗುವ ಹೊಸಕೆರೆಹಳ್ಳಿ ಇಂದು ಹೆಸರಿನಲ್ಲಷ್ಟೇ ಹಳ್ಳಿ. ಹತ್ತಿರದಲ್ಲೇ ಪಿಇಎಸ್ ವಿಶ್ವವಿದ್ಯಾಲಯವಿದೆ. ಮೈಸೂರು ರಸ್ತೆಗೆ ಹೋದರೆ ಬಿಎಚ್‌ಇಎಲ್ ಸಂಸ್ಥೆಯ ಎಲೆಕ್ಟ್ರಾನಿಕ್ಸ್ ವಿಭಾಗವೂ ವಿದ್ಯುತ್ ಪರಿವರ್ತಕಗಳಿಗೆ ಹೆಸರಾದ ಕವಿಕಾ ಕಾರ್ಖಾನೆಯೂ ಸಿಗುತ್ತವೆ. ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಎರಡು ಲೇತ್, ಒಂದು ಮಿಲ್ಲಿಂಗ್ ಯಂತ್ರ ಮತ್ತು ನಾಲ್ಕಾರು ಕೆಲಸಗಾರರನ್ನು ಇಟ್ಟುಕೊಂಡು ನಡೆಯುವ ಸಣ್ಣ ಘಟಕಗಳು ಬೆಂಗಳೂರಿನ ಇಂಥ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ದಶಕಗಳಿಂದ ಬಾಳಿಕೊಂಡು ಬಂದಿವೆ.

ಅಂಥ ಒಂದು ಘಟಕವನ್ನು ಕಲ್ಪಿಸಿಕೊಳ್ಳೋಣ. ಅದು ಒಂದು ದೊಡ್ಡ ಸಂಸ್ಥೆಗೆ ಅಲ್ಯೂಮಿನಿಯಂ ಮಿಶ್ರಲೋಹದ ಬುಷ್‌ಗಳನ್ನು ಕಡೆದು ಕೊಡುತ್ತದೆ. ಅಳತೆಗಳೆಲ್ಲ ಸರಿ; ಮೈಕ್ರೋಮೀಟರಿನಲ್ಲಿ ಒಂದು ತುಂಡೂ ತಪ್ಪಿಲ್ಲ. ಆದರೂ ಒಂದು ದಿನ ಸಾವಿರ ಬುಷ್‌ಗಳ ಇಡೀ ಲಾಟ್ ಹಿಂದಕ್ಕೆ ಬರುತ್ತದೆ. ಜೊತೆಗಿರುವ ಕಾಗದದಲ್ಲಿ ಒಂದೇ ಸಾಲು: "ಮೂರು ತುಂಡುಗಳಲ್ಲಿ ಬಿರುಕಿನ ಸೂಚನೆ ಕಂಡುಬಂದಿದೆ." ಮಾಲೀಕರು ಆ ಮೂರು ತುಂಡುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ಬಿರುಕು ಕಾಣುವುದಿಲ್ಲ. ಅದು ಇದೆಯೇ ಇಲ್ಲವೇ ಎಂದು ವಾದಿಸುವುದಕ್ಕೆ ಅವರ ಬಳಿ ಯಾವ ಸಾಧನವೂ ಇಲ್ಲ, ದಾಖಲೆಯೂ ಇಲ್ಲ. ಕಚ್ಚಾ ಲೋಹದ ಬೆಲೆ, ಕೂಲಿ, ವಿದ್ಯುತ್ ಶುಲ್ಕ ಎಲ್ಲವೂ ಸೇರಿದ ನಷ್ಟವನ್ನು ಅವರೇ ಹೊರಬೇಕು. ಇದು ಕಲ್ಪಿತ ಉದಾಹರಣೆಯಾದರೂ ಬಿಡಿಭಾಗಗಳ ತಯಾರಿಕೆಯಲ್ಲಿರುವ ನಮ್ಮ ಸದಸ್ಯರಿಗೆ ಅಪರಿಚಿತವಾದ ಸಂಗತಿಯಲ್ಲ.

ಆ ಮೂರು ಬುಷ್‌ಗಳ ಬಗ್ಗೆ ದೊಡ್ಡ ಸಂಸ್ಥೆಗೆ ಮಾಹಿತಿ ಕೊಟ್ಟದ್ದು ವಿದ್ಯುತ್ ಮಾಪನ. ಲೋಹವನ್ನು ಕತ್ತರಿಸದೆ, ಮುರಿಯದೆ, ಬಳಕೆಗೆ ಯೋಗ್ಯವಾಗಿಯೇ ಉಳಿಸಿಕೊಂಡು ಅದರ ದೋಷವನ್ನು ಪತ್ತೆ ಮಾಡುವ ಹಾನಿರಹಿತ ಪರೀಕ್ಷೆಗಳಲ್ಲಿ ಇದೂ ಒಂದು ವರ್ಗ. ಈ ಮಾಪನವು ಹೇಗೆ ನಡೆಯುತ್ತದೆ, ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಉದ್ದಿಮೆದಾರರು ತಿಳಿದಿರುವುದು ಇಂದು ವ್ಯಾಪಾರದ ದೃಷ್ಟಿಯಿಂದಲೇ ಅಗತ್ಯ.

ಮೂಲ ತತ್ತ್ವ: ಹೋಲಿಕೆ

ಲೋಹದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ಬಿರುಕಿನಲ್ಲಿ ಇರುವುದು ಗಾಳಿ ಅಥವಾ ಆಕ್ಸೈಡ್. ಅವುಗಳ ಮೂಲಕ ವಿದ್ಯುತ್ತು ಹರಿಯುವುದಿಲ್ಲ. ಕಾಲುವೆಯ ನೀರು ಅಡ್ಡಬಂದ ಬಂಡೆಯನ್ನು ಬಳಸಿಕೊಂಡು ಹೋಗುವಂತೆ ವಿದ್ಯುತ್ತೂ ಬಿರುಕನ್ನು ಬಳಸಿಕೊಂಡು ಹೋಗಬೇಕಾಗುತ್ತದೆ. ಹಾದಿ ಉದ್ದವಾದಂತೆ ರೋಧ ಹೆಚ್ಚುತ್ತದೆ. ತುಕ್ಕು ಹಿಡಿದು ಲೋಹ ತೆಳುವಾದಾಗಲೂ ಹೀಗೆಯೇ: ಹರಿವಿಗೆ ಸಿಗುವ ಜಾಗ ಕಿರಿದಾಗಿ ರೋಧ ಏರುತ್ತದೆ. ಈ ವಿಧಾನಗಳೆಲ್ಲವೂ ಇಂಥ ಸಣ್ಣ ಬದಲಾವಣೆಗಳನ್ನೇ ಅಳೆಯುತ್ತವೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಉಪಕರಣಕ್ಕೆ ಬಿರುಕು ಕಾಣುವುದಿಲ್ಲ. ಅದರ ಪರದೆಯ ಮೇಲೆ ಮೂಡುವುದು ಒಂದು ಅಂಕಿ ಅಥವಾ ಒಂದು ರೇಖೆ. ಒಳ್ಳೆಯದೆಂದು ಖಚಿತವಾದ ತುಂಡಿನ ಅಂಕಿಯೊಡನೆ, ಗೊತ್ತಿರುವ ದೋಷವುಳ್ಳ ತುಂಡಿನ ಅಂಕಿಯೊಡನೆ ಇಟ್ಟು ನೋಡಿದಾಗಲೇ ಅದಕ್ಕೆ ಅರ್ಥ ಬರುತ್ತದೆ. ಆದ್ದರಿಂದ ಈ ಪರೀಕ್ಷೆಯ ಜೀವಾಳವು ಹೋಲಿಕೆಗೆ ಇಟ್ಟುಕೊಂಡ ಮಾದರಿ ತುಂಡು, ಅಂದರೆ ಕಾರ್ಖಾನೆಯ ಮಾತಿನಲ್ಲಿ ಮಾಸ್ಟರ್ ಪೀಸ್.

ಈ ವಿದ್ಯೆ ಹುಟ್ಟಿದ್ದೇ ಹೋಲಿಕೆಯಿಂದ. ಮೈಕೇಲ್ ಫ್ಯಾರಡೆ 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದನು. ಬದಲಾಗುವ ಕಾಂತಕ್ಷೇತ್ರವು ಲೋಹದೊಳಗೆ ಸುಳಿಯಂತೆ ಸುತ್ತುವ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬುದನ್ನು ಫ್ರಾನ್ಸಿನ ಲಿಯಾನ್ ಫೂಕೋ 1855ರಲ್ಲಿ ತೋರಿಸಿದನು. 1879ರಲ್ಲಿ ಡೇವಿಡ್ ಹ್ಯೂಸ್ ಎರಡು ಜೊತೆ ಸುರುಳಿಗಳ ತಕ್ಕಡಿಯಂಥ ಉಪಕರಣವೊಂದನ್ನು ರಚಿಸಿ, ಒಂದು ಬದಿಗೆ ಒಂದು ಲೋಹವನ್ನೂ ಇನ್ನೊಂದು ಬದಿಗೆ ಬೇರೊಂದನ್ನೂ ಇಟ್ಟು ಅವುಗಳ ವ್ಯತ್ಯಾಸವನ್ನು ಕಿವಿಯಿಂದ ಕೇಳಿ ಗುರುತಿಸಿದನು. ಖೋಟಾ ನಾಣ್ಯ ಅದರಲ್ಲಿ ಸಿಕ್ಕಿಬೀಳುತ್ತಿತ್ತು. ಎರಡು ವರ್ಷಗಳ ಬಳಿಕ, 1881ರಲ್ಲಿ, ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿದ್ದ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ತತ್ತ್ವದ ಉಪಕರಣವನ್ನು ಬಳಸಿ ವಿಫಲನಾದನು. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗುಗಳು ಮಾಪನವನ್ನು ಕೆಡಿಸಿದ್ದವೆಂದು ವಿವರಿಸಲಾಗುತ್ತದೆ. ಸುತ್ತಲಿನ ಸಂಗತಿಗಳನ್ನು ಗಣನೆಗೆ ತೆಗೆದುಕೊಳ್ಳದಿದ್ದರೆ ಉತ್ತಮ ಉಪಕರಣವೂ ದಾರಿ ತಪ್ಪಿಸುತ್ತದೆ ಎಂಬ ಪಾಠ ಅಂದಿನಿಂದಲೂ ನಮ್ಮೆದುರಿಗಿದೆ. ಈ ತತ್ತ್ವವನ್ನು ಕಾರ್ಖಾನೆಯ ನಿತ್ಯಬಳಕೆಗೆ ತಂದ ಪ್ರಮುಖರು ಜರ್ಮನಿಯ ಫ್ರೀಡ್ರಿಕ್ ಫೋರ್ಸ್ಟರ್. ಅವರು 1948ರಲ್ಲಿ ರಾಯ್ಟ್‌ಲಿಂಗನ್ ಎಂಬ ಊರಿನಲ್ಲಿ ಸ್ಥಾಪಿಸಿದ ಸಂಸ್ಥೆಯಿಂದ ಈ ಉಪಕರಣಗಳು ಜಗತ್ತಿಗೆಲ್ಲ ಪರಿಚಿತವಾದವು.

ಎಡ್ಡಿ ಕರೆಂಟ್ ಪರೀಕ್ಷೆ

ಲೋಹದೊಳಗೆ ಸುತ್ತುವ ಈ ಸುಳಿ ವಿದ್ಯುತ್ತಿಗೆ ಎಡ್ಡಿ ಕರೆಂಟ್ ಎಂಬ ಹೆಸರೇ ಎಲ್ಲೆಡೆ ಬಳಕೆಯಲ್ಲಿದೆ. ಪೆನ್ನಿನಷ್ಟು ಗಾತ್ರದ ಪ್ರೋಬ್‌ನ ತುದಿಯಲ್ಲಿ ತಾಮ್ರದ ತಂತಿಯ ಒಂದು ಪುಟ್ಟ ಸುರುಳಿಯಿರುತ್ತದೆ. ಅದರಲ್ಲಿ ಪರ್ಯಾಯ ವಿದ್ಯುತ್ತು ಹರಿಯುತ್ತಿರುವಾಗ ಲೋಹದ ಮೇಲೆ ಇಟ್ಟರೆ ಲೋಹದ ಮೇಲ್ಪದರದಲ್ಲಿ ಸುಳಿಗಳು ಹುಟ್ಟುತ್ತವೆ. ಪ್ರೋಬ್ ಅನ್ನು ಮೇಲ್ಮೈಯಲ್ಲಿ ಸರಿಸುತ್ತಾ ಹೋದಾಗ ಬಿರುಕು ಎದುರಾದರೆ ಸುಳಿಯ ಆಕಾರ ಕೆಡುತ್ತದೆ. ಅದರ ಪರಿಣಾಮ ಮರಳಿ ಸುರುಳಿಯಲ್ಲಿಯೇ ಕಾಣಿಸಿಕೊಂಡು ಪರದೆಯ ಮೇಲಿನ ಚುಕ್ಕೆ ಜಿಗಿಯುತ್ತದೆ. ಎಣ್ಣೆ, ಬಣ್ಣ, ರಾಸಾಯನಿಕ ಯಾವುದೂ ಬೇಕಿಲ್ಲ. ತೆಳುವಾದ ಬಣ್ಣದ ಲೇಪನವಿದ್ದರೂ ಅದನ್ನು ಕೆರೆಯದೆ ಪರೀಕ್ಷಿಸಬಹುದು.

ಸುಳಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ವಿದ್ಯುತ್ತಿನ ಆವರ್ತನವನ್ನು ಅವಲಂಬಿಸಿದೆ. ಅಲ್ಯೂಮಿನಿಯಂನಲ್ಲಿ 1 ಕಿಲೋಹರ್ಟ್ಸ್ ಆವರ್ತನದಲ್ಲಿ ಸುಮಾರು 2.6 ಮಿಲಿಮೀಟರ್ ಆಳದ ಹೊತ್ತಿಗೆ ಸುಳಿಯ ಬಲವು ಮೇಲ್ಮೈಯಲ್ಲಿದ್ದುದರ ಶೇ. 37ಕ್ಕೆ ಇಳಿಯುತ್ತದೆ. ಆವರ್ತನವನ್ನು 100 ಕಿಲೋಹರ್ಟ್ಸ್‌ಗೆ ಏರಿಸಿದರೆ ಈ ಆಳವು ಸುಮಾರು ಕಾಲು ಮಿಲಿಮೀಟರಿಗೆ ತಗ್ಗುತ್ತದೆ. ಮೇಲ್ಮೈಯ ಕೂದಲೆಳೆಯಂಥ ಬಿರುಕಿಗೆ ಹೆಚ್ಚಿನ ಆವರ್ತನ, ಒಳಪದರದ ತುಕ್ಕಿಗೆ ಕಡಿಮೆ ಆವರ್ತನ ಎಂಬುದು ಸಾಮಾನ್ಯ ನಿಯಮ. ಉಕ್ಕು ಅಯಸ್ಕಾಂತೀಯ ಗುಣವುಳ್ಳದ್ದಾದ್ದರಿಂದ ಅದರಲ್ಲಿ ಸುಳಿಗಳು ಇನ್ನೂ ಕಡಿಮೆ ಆಳಕ್ಕೆ ಇಳಿಯುತ್ತವೆ. ಹೀಗಾಗಿ ಉಕ್ಕಿನ ದಪ್ಪ ಭಾಗಗಳ ಒಳದೋಷಕ್ಕೆ ಅಲ್ಟ್ರಾಸಾನಿಕ್ ಮೊದಲಾದ ಬೇರೆ ವಿಧಾನಗಳೇ ಸೂಕ್ತ.

ಈ ಪರೀಕ್ಷೆಗೆ ತನ್ನದೇ ಮಿತಿಗಳಿವೆ. ಪ್ರೋಬ್ ಸ್ವಲ್ಪ ಓರೆಯಾದರೆ ಅಥವಾ ಮೇಲ್ಮೈಯಿಂದ ಎದ್ದರೆ ಅಂಕಿ ಬದಲಾಗುತ್ತದೆ. ತುಂಡಿನ ಅಂಚಿಗೆ ಬಂದಾಗ, ರಂಧ್ರದ ಬಳಿ ಹೋದಾಗ ಬಿರುಕಿನಂಥದೇ ಸೂಚನೆ ಬರುತ್ತದೆ. ಸುಳಿಯ ಹರಿವಿಗೆ ಸಮಾನಾಂತರವಾಗಿ ಮಲಗಿರುವ ಬಿರುಕು ಹರಿವನ್ನು ಕತ್ತರಿಸದ ಕಾರಣ ತಪ್ಪಿಸಿಕೊಳ್ಳಬಹುದು. ಅನುಭವವುಳ್ಳ ಪರೀಕ್ಷಕರು ಇವನ್ನೆಲ್ಲ ಬೇರ್ಪಡಿಸಬಲ್ಲರು. ಅವರ ಅನುಭವವೂ ಮಾದರಿ ತುಂಡಿನ ಮೇಲೆ ಮತ್ತೆ ಮತ್ತೆ ಪ್ರೋಬ್ ಸರಿಸಿಯೇ ಬಂದದ್ದು.

ಬಿರುಕಿಲ್ಲದಿದ್ದರೂ ತಪ್ಪು ಲೋಹ

ಇದೇ ಉಪಕರಣದಿಂದ ಲೋಹದ ವಾಹಕತೆಯನ್ನೂ ಅಳೆಯಬಹುದು. 1913ರಲ್ಲಿ ಹದಗೊಳಿಸಿದ ತಾಮ್ರದ ವಾಹಕತೆಯನ್ನು ಶೇ. 100 ಎಂದು ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿಕೊಳ್ಳಲಾಯಿತು. ಆ ಅಳತೆಗೋಲಿನಲ್ಲಿ ಶುದ್ಧ ಅಲ್ಯೂಮಿನಿಯಂ ಸುಮಾರು 62, 70–30 ಹಿತ್ತಾಳೆ ಸುಮಾರು 28, ವಿಮಾನಗಳಲ್ಲಿ ಬಳಸುವ ಟೈಟೇನಿಯಂ ಮಿಶ್ರಲೋಹ ಸುಮಾರು 1. ಒಂದೇ ಬಣ್ಣದ ಎರಡು ಸರಳುಗಳು ಉಗ್ರಾಣದಲ್ಲಿ ಬೆರೆತುಹೋದರೆ ಕೆಲವು ಕ್ಷಣಗಳಲ್ಲಿ ಬೇರ್ಪಡಿಸಲು ಇದಕ್ಕಿಂತ ಸುಲಭವಾದ ದಾರಿ ಕಡಿಮೆ.

ಇನ್ನೂ ಸೂಕ್ಷ್ಮವಾದ ಉಪಯೋಗ ಹೀಟ್ ಟ್ರೀಟ್‌ಮೆಂಟ್‌ನ ಪರಿಶೀಲನೆ. ವಿಮಾನೋದ್ಯಮದಲ್ಲಿ ಹೆಚ್ಚಾಗಿ ಬಳಕೆಯಾಗುವ 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹವನ್ನು ಟಿ6 ಎಂಬ ಸ್ಥಿತಿಗೆ ತಂದರೆ ಬಲ ಹೆಚ್ಚು. ಆದರೆ ಒತ್ತಡ ಮತ್ತು ತೇವ ಎರಡೂ ಸೇರಿದಾಗ ಅದು ಬಿರುಕು ಬಿಡುವ ಸಂಭವವಿದೆ. ಟಿ73 ಸ್ಥಿತಿಯಲ್ಲಿ ಬಲವನ್ನು ಕೊಂಚ ಬಿಟ್ಟುಕೊಟ್ಟು ಈ ಬಗೆಯ ಬಿರುಕಿಗೆ ತಡೆಯನ್ನು ಪಡೆಯಲಾಗುತ್ತದೆ. ಮೊದಲನೆಯದರ ವಾಹಕತೆ ಸುಮಾರು 33. ಎರಡನೆಯದರದು 38 ಅಥವಾ ಅದಕ್ಕಿಂತ ಹೆಚ್ಚು. ಗಡಸುತನವನ್ನು ಮಾತ್ರ ಪರೀಕ್ಷಿಸಿದರೆ ಸಾಲದು. ಕುಲುಮೆಯಲ್ಲಿ ಕಡಿಮೆ ಹೊತ್ತು ಇಟ್ಟ ತುಂಡಿಗೂ ಹೆಚ್ಚು ಹೊತ್ತು ಇಟ್ಟ ತುಂಡಿಗೂ ಒಂದೇ ಗಡಸುತನ ಬರಬಹುದು. ವಾಹಕತೆಯನ್ನೂ ಜೊತೆಗೆ ಅಳೆದಾಗ ಈ ಗೊಂದಲ ಪರಿಹಾರವಾಗುತ್ತದೆ. 1940ರಲ್ಲಿ ಎಚ್‌ಎಎಲ್ ಆರಂಭವಾದಂದಿನಿಂದ ವಿಮಾನ ತಯಾರಿಕೆಯ ನೆಲೆಯಾಗಿರುವ ಬೆಂಗಳೂರಿನಲ್ಲಿ, ಆ ರಂಗಕ್ಕೆ ಬಿಡಿಭಾಗ ಪೂರೈಸಬಯಸುವ ಯಾವುದೇ ಘಟಕವೂ ಈ ಎರಡು ಅಂಕಿಗಳ ಅರ್ಥವನ್ನು ತಿಳಿದಿರಬೇಕು.

ಬಿರುಕಿನ ಆಳವೆಷ್ಟು?

ಬಿರುಕು ಇದೆ ಎಂದು ಗೊತ್ತಾದ ಮೇಲೆ ಏಳುವ ಪ್ರಶ್ನೆ ಅದರ ಆಳದ್ದು. ಕೆರೆದು ಸರಿಪಡಿಸಬಹುದೇ, ತುಂಡನ್ನೇ ಎಸೆಯಬೇಕೇ ಎಂಬ ತೀರ್ಮಾನ ಅದರ ಮೇಲೆ ನಿಂತಿದೆ. ಇದಕ್ಕೆ ನಾಲ್ಕು ಮೊನೆಗಳ ವಿಧಾನ ಬಳಕೆಯಲ್ಲಿದೆ. ಹೊರಗಿನ ಎರಡು ಮೊನೆಗಳಿಂದ ವಿದ್ಯುತ್ತನ್ನು ಹರಿಸಿ, ಒಳಗಿನ ಎರಡು ಮೊನೆಗಳ ನಡುವಣ ವೋಲ್ಟೇಜನ್ನು ಅಳೆಯಲಾಗುತ್ತದೆ. ಮೊದಲು ಬಿರುಕಿಲ್ಲದ ಕಡೆ, ಬಳಿಕ ಬಿರುಕಿನ ಎರಡು ಬದಿಗೆ ಮೊನೆಗಳನ್ನಿಟ್ಟು ಅಳೆದು ಎರಡನ್ನೂ ಹೋಲಿಸಬೇಕು.

ಒಳಮೊನೆಗಳ ಅಂತರ 10 ಮಿಲಿಮೀಟರ್ ಇದೆಯೆಂದೂ ಬಿರುಕಿಲ್ಲದ ಕಡೆ ಬಂದ ಅಂಕಿ 1.0, ಬಿರುಕಿನ ಮೇಲೆ ಬಂದ ಅಂಕಿ 1.4 ಎಂದೂ ಇಟ್ಟುಕೊಳ್ಳೋಣ. ಹೆಚ್ಚಿನ ಆವರ್ತನದ ವಿದ್ಯುತ್ತು ಮೇಲ್ಮೈಗೆ ಅಂಟಿಕೊಂಡೇ ಹರಿಯುವುದರಿಂದ ಅದು ಬಿರುಕಿನ ಒಂದು ಗೋಡೆಯಲ್ಲಿ ಇಳಿದು ಇನ್ನೊಂದರಲ್ಲಿ ಏರುತ್ತದೆ. ಹೆಚ್ಚಿದ ಹಾದಿ ಶೇ. 40, ಅಂದರೆ 4 ಮಿಲಿಮೀಟರ್. ಇಳಿಯಲು ಅರ್ಧ, ಏರಲು ಅರ್ಧ; ಆದ್ದರಿಂದ ಬಿರುಕಿನ ಆಳ 2 ಮಿಲಿಮೀಟರ್. ಉದ್ದನೆಯ, ಆಳ ಕಡಿಮೆಯಿರುವ ಬಿರುಕುಗಳಿಗೆ ಈ ಸರಳ ಲೆಕ್ಕ ಸಾಕು. ಗಿಡ್ಡ ಬಿರುಕುಗಳಿಗೆ ತಿದ್ದುಪಡಿ ಬೇಕಾಗುತ್ತದೆ.

ತುಕ್ಕಿನ ಮಾಪನ

ಬಿರುಕು ಒಮ್ಮೆಗೇ ಅಪಾಯ ತಂದರೆ ತುಕ್ಕು ಗೆದ್ದಲಿನಂತೆ ನಿಧಾನವಾಗಿ ತಿನ್ನುತ್ತದೆ. ನಳಿಕೆಗಳಲ್ಲಿ, ತೊಟ್ಟಿಗಳಲ್ಲಿ ಈ ಸವಕಳಿಯನ್ನು ಗಮನಿಸುತ್ತಿರಲು ಅದೇ ಲೋಹದ ತೆಳುವಾದ ಪಟ್ಟಿಯೊಂದನ್ನು ದ್ರವದೊಳಗೆ ಇಳಿಬಿಟ್ಟು ಅದರ ರೋಧವನ್ನು ಆಗಾಗ ಅಳೆಯಲಾಗುತ್ತದೆ. ಪಟ್ಟಿಯ ದಪ್ಪ ಹತ್ತರಲ್ಲಿ ಒಂದು ಪಾಲು ಸವೆದರೆ ರೋಧವು ಶೇ. 11ರಷ್ಟು ಏರುತ್ತದೆ. ಆದರೆ ಉಕ್ಕಿನ ತಾಪಮಾನ 25 ಡಿಗ್ರಿ ಹೆಚ್ಚಿದರೂ ಹೆಚ್ಚುಕಡಿಮೆ ಇಷ್ಟೇ ಏರಿಕೆ ಕಾಣಿಸುತ್ತದೆ. ಹಾಗಾಗಿ ಅದೇ ಲೋಹದ ಇನ್ನೊಂದು ಪಟ್ಟಿಯನ್ನು ತುಕ್ಕು ತಾಗದಂತೆ ಮುಚ್ಚಿ ಪಕ್ಕದಲ್ಲೇ ಇಟ್ಟಿರುತ್ತಾರೆ. ಬಿಸಿ ಎರಡಕ್ಕೂ ಸಮಾನ, ತುಕ್ಕು ಒಂದಕ್ಕೆ ಮಾತ್ರ. ಎರಡರ ಅನುಪಾತವೇ ಸವಕಳಿಯ ಅಳತೆ. ಇಲ್ಲಿಯೂ ಕೆಲಸ ಮಾಡುವುದು ಹೋಲಿಕೆಯೇ.

ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳಿಗೆ ಅರ್ಧಕೋಶ ವಿಭವದ ಪರೀಕ್ಷೆಯಿದೆ. ತಾಮ್ರ ಮತ್ತು ತಾಮ್ರದ ಸಲ್ಫೇಟ್ ತುಂಬಿದ ಒಂದು ನಿರ್ದೇಶಕ ವಿದ್ಯುದ್ವಾರವನ್ನು ಕಾಂಕ್ರೀಟಿನ ಮೇಲಿಟ್ಟು, ಅದಕ್ಕೂ ಒಳಗಿನ ಸರಳಿಗೂ ನಡುವಣ ವೋಲ್ಟೇಜನ್ನು ಅಳೆಯುತ್ತಾರೆ. ವ್ಯಾಪಕವಾಗಿ ಅನುಸರಿಸಲಾಗುವ ಅಮೆರಿಕದ ಮಾನಕದಂತೆ ಅಂಕಿಯು ಋಣ 200 ಮಿಲಿವೋಲ್ಟ್‌ಗಿಂತ ಕಡಿಮೆ ಋಣಾತ್ಮಕವಾಗಿದ್ದರೆ ತುಕ್ಕು ಇಲ್ಲದಿರುವ ಸಂಭವ ಶೇ. 90ಕ್ಕಿಂತ ಹೆಚ್ಚು, ಋಣ 350ಕ್ಕಿಂತ ಹೆಚ್ಚು ಋಣಾತ್ಮಕವಾಗಿದ್ದರೆ ತುಕ್ಕು ನಡೆಯುತ್ತಿರುವ ಸಂಭವ ಶೇ. 90ಕ್ಕಿಂತ ಹೆಚ್ಚು, ನಡುವಿನದು ಅನಿಶ್ಚಿತ. ತುಕ್ಕಿನ ಸಂಭವವನ್ನು ಇದು ತಿಳಿಸುತ್ತದೆ, ಪ್ರಮಾಣವನ್ನು ತಿಳಿಸುವುದಿಲ್ಲ. ಕಾರ್ಖಾನೆಯ ಮೇಲ್ಛಾವಣಿಯ ನೀರಿನ ತೊಟ್ಟಿಯನ್ನು ಒಡೆಯುವ ಮುನ್ನ ಈ ಪರೀಕ್ಷೆಯನ್ನು ಮಾಡಿಸಿ ನೋಡುವುದು ಲೇಸು.

ನೆಲದಡಿಯ ಲೋಹಕ್ಕೆ ಇನ್ನೊಂದು ಬಗೆಯ ಅಪಾಯವಿದೆ. ನೇರ ವಿದ್ಯುತ್ತಿನಿಂದ ಓಡುವ ರೈಲುಗಳಲ್ಲಿ ಹಳಿಗಳ ಮೂಲಕ ಹಿಂದಿರುಗಬೇಕಾದ ವಿದ್ಯುತ್ತಿನ ಒಂದು ಪಾಲು ನೆಲಕ್ಕೆ ಸೋರಿ, ಅಲ್ಲಿರುವ ನೀರಿನ ಅಥವಾ ಅನಿಲದ ಕೊಳವೆಯನ್ನು ಹಾದಿಯಾಗಿ ಬಳಸಿಕೊಳ್ಳಬಹುದು. ಕೊಳವೆಯಿಂದ ಅದು ಮಣ್ಣಿಗೆ ಹೊರಬೀಳುವ ಜಾಗದಲ್ಲಿ ಲೋಹ ಕರಗುತ್ತದೆ. ಒಂದು ಆಂಪಿಯರ್ ವಿದ್ಯುತ್ತು ಒಂದು ವರ್ಷ ಸತತವಾಗಿ ಹೀಗೆ ಹೊರಬಿದ್ದರೆ ಕರಗುವ ಕಬ್ಬಿಣ ಸುಮಾರು 9 ಕಿಲೋಗ್ರಾಂ ಎಂದು ಫ್ಯಾರಡೆಯ ನಿಯಮದಿಂದ ಲೆಕ್ಕ ಹಾಕಬಹುದು. ನಮ್ಮ ಮೆಟ್ರೋದ ಮೊದಲ ಮಾರ್ಗಗಳು 750 ವೋಲ್ಟ್ ನೇರ ವಿದ್ಯುತ್ತಿನ ಮೂರನೆಯ ಹಳಿಯ ಪದ್ಧತಿಯವು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ ಮೂರನೆಯ ಘಟ್ಟದ ಯೋಜನೆಯಲ್ಲಿ ಹೊಸಕೆರೆಹಳ್ಳಿಯೂ ಒಂದು ನಿಲ್ದಾಣ. ಇಂಥ ಮಾರ್ಗಗಳಲ್ಲಿ ಹಳಿಗಳನ್ನು ನೆಲದಿಂದ ಬೇರ್ಪಡಿಸುವ ಕ್ರಮಗಳನ್ನು ವಿನ್ಯಾಸದಲ್ಲೇ ಅಳವಡಿಸಲಾಗುತ್ತದೆ. ಆದರೂ ನೆಲದಡಿ ಉಕ್ಕಿನ ಕೊಳವೆಗಳನ್ನು ಹೊಂದಿರುವವರು ಮಾರ್ಗವು ಆರಂಭವಾಗುವ ಮುನ್ನವೇ ತಮ್ಮ ಕೊಳವೆಯ ವಿಭವವನ್ನು ಅಳೆಸಿ ದಾಖಲಿಸಿಟ್ಟುಕೊಂಡರೆ ಮುಂದೆ ಹೋಲಿಸಲು ಒಂದು ಆಧಾರ ಸಿಗುತ್ತದೆ.

ಕೈಗಾದ ನಿದರ್ಶನ

ನಮ್ಮ ರಾಜ್ಯದಲ್ಲಿ ಈ ವಿದ್ಯೆಯ ಮಹತ್ತ್ವವನ್ನು ತೋರುವ ಸ್ಥಳ ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಂಡೆಯಲ್ಲಿರುವ ಕೈಗಾ ಅಣುವಿದ್ಯುತ್ ಕೇಂದ್ರ. ಅಲ್ಲಿರುವ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು ಭಾರಜಲದ ಮಾದರಿಯವು. ಈ ಮಾದರಿಯ ಪ್ರತಿಯೊಂದು ರಿಯಾಕ್ಟರಿನಲ್ಲಿ 306 ಇಂಧನ ನಾಳಗಳಿರುತ್ತವೆ. ಪ್ರತಿಯೊಂದು ನಾಳದಲ್ಲೂ ಬಿಸಿಯಾದ ಒಳಕೊಳವೆ, ತಣ್ಣಗಿರುವ ಹೊರಕೊಳವೆ. ಇವೆರಡೂ ಒಂದಕ್ಕೊಂದು ತಾಗದಂತೆ ನಡುವೆ ಗಾರ್ಟರ್ ಸ್ಪ್ರಿಂಗ್ ಎಂಬ ಬಳೆಗಳು. ಬಳೆ ತನ್ನ ಜಾಗದಿಂದ ಸರಿದು ಕೊಳವೆಗಳು ಒಂದಕ್ಕೊಂದು ತಾಗಿದರೆ, ಆ ತಣ್ಣನೆಯ ಜಾಗದಲ್ಲಿ ಜಲಜನಕ ಸೇರಿಕೊಂಡು ಲೋಹ ಪೆಡಸಾಗಿ ಬಿರುಕು ಬಿಡುವ ಅಪಾಯವಿರುತ್ತದೆ. ಹೊರಗಿನಿಂದ ನೋಡಲಾಗದ ಆ ಬಳೆಯ ಸ್ಥಾನವನ್ನು ಒಳಕೊಳವೆಯೊಳಗೆ ಕಳುಹಿಸಿದ ಎಡ್ಡಿ ಕರೆಂಟ್ ಪ್ರೋಬ್ ಲೋಹದ ಗೋಡೆಯಾಚೆಯಿಂದಲೇ ಗುರುತಿಸುತ್ತದೆ. ಈ ನಾಳಗಳ ತಪಾಸಣೆಗೆಂದೇ ಭಾಭಾ ಅಣುಸಂಶೋಧನಾ ಕೇಂದ್ರವು ಎಡ್ಡಿ ಕರೆಂಟ್ ಮತ್ತು ಅಲ್ಟ್ರಾಸಾನಿಕ್ ಎರಡನ್ನೂ ಒಳಗೊಂಡ ಬಾರ್ಸಿಸ್ ಎಂಬ ವ್ಯವಸ್ಥೆಯನ್ನು ದೇಶದಲ್ಲೇ ರೂಪಿಸಿತು.

ಕೈಗಾದ ಮೊದಲನೆಯ ಘಟಕವು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿರಂತರವಾಗಿ ನಡೆದು ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿತು. ದಾಖಲೆಯ ಬಳಿಕ ಅದನ್ನು ನಿಲ್ಲಿಸಿದ್ದು ಯೋಜಿತ ತಪಾಸಣೆ ಮತ್ತು ದುರಸ್ತಿಗಾಗಿ. ಯಂತ್ರ ನಿಂತಾಗ ನೋಡುವುದಕ್ಕೂ ನೋಡುವುದಕ್ಕೆಂದೇ ಯಂತ್ರವನ್ನು ನಿಲ್ಲಿಸುವುದಕ್ಕೂ ಇರುವ ಅಂತರವನ್ನು ನಾವು ಇದರಿಂದ ಕಲಿಯಬಹುದು.

ಉಪಕರಣವಿದ್ದೂ ತಪ್ಪಿದ ಬಿರುಕು

ವಿರುದ್ಧ ನಿದರ್ಶನವೂ ಇದೆ. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮುಂಭಾಗದ ಮೇಲ್ಛಾವಣಿ ಆಕಾಶದಲ್ಲೇ ಕಿತ್ತುಹೋಯಿತು. ಒಬ್ಬ ಗಗನಸಖಿ ಪ್ರಾಣ ಕಳೆದುಕೊಂಡರು. ವಿಮಾನ ಹೇಗೋ ಇಳಿಯಿತು. 19 ವರ್ಷ ಹಳೆಯದಾದ ಆ ವಿಮಾನ ಕಿರುದೂರದ ಹಾರಾಟಗಳಲ್ಲೇ 89,680 ಬಾರಿ ಏರಿ ಇಳಿದಿತ್ತು. ಉಪ್ಪುಗಾಳಿಯಿಂದ ತಗಡುಗಳ ಜೋಡಣೆಯಲ್ಲಿ ತುಕ್ಕು ಹಿಡಿದು, ಅಂಟು ಬಿಟ್ಟು, ರಿವೆಟ್ ರಂಧ್ರಗಳ ಸುತ್ತ ಬಿರುಕುಗಳು ಬೆಳೆದಿದ್ದವು.

ಆ ಜೋಡಣೆಗಳನ್ನು ಎಡ್ಡಿ ಕರೆಂಟ್‌ನಿಂದ ಪರೀಕ್ಷಿಸಬೇಕೆಂಬ ಆದೇಶ ಹಿಂದಿನ ವರ್ಷವೇ ಹೊರಟಿತ್ತು. ಉಪಕರಣವೂ ಇತ್ತು, ವಿಧಾನವೂ ಗೊತ್ತಿತ್ತು. ಹಾಗಿದ್ದೂ ಬಿರುಕು ತಪ್ಪಿಸಿಕೊಂಡಿತು. ತನಿಖಾ ಮಂಡಳಿಯು ನಿರ್ವಹಣಾ ವ್ಯವಸ್ಥೆಯ ಲೋಪವನ್ನು ಕಾರಣವೆಂದು ಹೇಳಿತು. ರಾತ್ರಿಯ ಹೊತ್ತು, ಎತ್ತರದ ಅಟ್ಟಣಿಗೆಯ ಮೇಲೆ, ನೂರಾರು ರಿವೆಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವ ಕೆಲಸದ ಏಕತಾನತೆಯನ್ನೂ ಚರ್ಚಿಸಿತು. ವಿಮಾನ ಹತ್ತುವಾಗ ಒಬ್ಬ ಪ್ರಯಾಣಿಕರು ಹೊರಮೈಯಲ್ಲಿ ಬಿರುಕನ್ನು ಕಂಡಿದ್ದರೂ ಯಾರಿಗೂ ಹೇಳಿರಲಿಲ್ಲ ಎಂಬುದೂ ತನಿಖೆಯಲ್ಲಿ ತಿಳಿದುಬಂತು. ಉಪಕರಣ ಕೊಂಡ ಮಾತ್ರಕ್ಕೆ ಪರೀಕ್ಷೆ ನಡೆದಂತಾಗುವುದಿಲ್ಲ. ಅದನ್ನು ಹಿಡಿದ ಕೈಗೆ ತರಬೇತಿ, ವಿರಾಮ ಮತ್ತು "ಇಲ್ಲಿ ಏನೋ ಇದೆ" ಎಂದು ಹೇಳುವ ಸ್ವಾತಂತ್ರ್ಯ ಮೂರೂ ಬೇಕು.

ವ್ಯಾಪಾರದ ಲೆಕ್ಕ

ಪರೀಕ್ಷೆಯು ಎಲ್ಲವನ್ನೂ ಹಿಡಿಯುತ್ತದೆಂದು ನಂಬುವುದೂ ತಪ್ಪು. ನಮ್ಮ ಹೊಸಕೆರೆಹಳ್ಳಿಯ ಘಟಕದ ಸಾವಿರ ಬುಷ್‌ಗಳನ್ನೇ ತೆಗೆದುಕೊಳ್ಳೋಣ. ಅವುಗಳಲ್ಲಿ 10 ನಿಜವಾಗಿಯೂ ಬಿರುಕುಳ್ಳವು ಎಂದಿಟ್ಟುಕೊಳ್ಳಿ. ಪರೀಕ್ಷೆಯು ಬಿರುಕುಳ್ಳ ಹತ್ತರಲ್ಲಿ ಒಂಬತ್ತನ್ನು ಹಿಡಿಯುತ್ತದೆ. ಒಳ್ಳೆಯ ತುಂಡುಗಳಲ್ಲಿ ನೂರಕ್ಕೆ ಎರಡನ್ನು ತಪ್ಪಾಗಿ ತಿರಸ್ಕರಿಸುತ್ತದೆ. ಆಗ ತಿರಸ್ಕಾರದ ಪೆಟ್ಟಿಗೆಗೆ ಬೀಳುವವು ಬಿರುಕುಳ್ಳ 9 ಮತ್ತು ಒಳ್ಳೆಯ ಸುಮಾರು 20, ಒಟ್ಟು 29. ಒಂದು ಬಿರುಕುಳ್ಳ ತುಂಡು ಒಳ್ಳೆಯವುಗಳ ಜೊತೆ ಹೊರಹೋಗುತ್ತದೆ.

ಈ ಲೆಕ್ಕದಿಂದ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ತಿರಸ್ಕೃತವಾದ 29ನ್ನು ಮಾತ್ರ ಡೈ ಪೆನೆಟ್ರೆಂಟ್‌ನಂಥ ಇನ್ನೊಂದು ವಿಧಾನದಿಂದ ಮರುಪರೀಕ್ಷಿಸಿದರೆ ಒಳ್ಳೆಯ ತುಂಡುಗಳ ಬಹುಪಾಲನ್ನು ಉಳಿಸಿಕೊಳ್ಳಬಹುದು. ಸಾವಿರವನ್ನೂ ಎರಡು ಬಾರಿ ಪರೀಕ್ಷಿಸಬೇಕಿಲ್ಲ. ಎರಡನೆಯದು, ತಪ್ಪಿಸಿಕೊಂಡ ಆ ಒಂದರ ಪರಿಣಾಮವೇನು ಎಂಬುದೇ ಪರೀಕ್ಷೆಯ ಮಿತಿಯನ್ನು ನಿಗದಿಪಡಿಸಬೇಕು. ಬಾಗಿಲ ತಿರುಗಣಿಯ ಬುಷ್‌ಗೂ ವಿಮಾನದ ಚಕ್ರದ ಬುಷ್‌ಗೂ ಒಂದೇ ಮಿತಿ ಸಲ್ಲದು.

ಸಣ್ಣ ಘಟಕಗಳು ಏನು ಮಾಡಬಹುದು?

ಎಡ್ಡಿ ಕರೆಂಟ್ ಉಪಕರಣದ ಬೆಲೆ ಲಕ್ಷಗಳಲ್ಲಿದೆ. ಪ್ರತಿಯೊಂದು ಘಟಕವೂ ಅದನ್ನು ಕೊಳ್ಳಬೇಕಾಗಿಲ್ಲ. ಆದರೆ ಈ ಕೆಳಗಿನ ಕ್ರಮಗಳು ಎಲ್ಲರ ಕೈಗೂ ಎಟಕುವಂಥವು.

1. ಆರ್ಡರ್ ಒಪ್ಪಿಕೊಳ್ಳುವ ಮುನ್ನವೇ ಯಾವ ಮೇಲ್ಮೈಯಲ್ಲಿ, ಎಷ್ಟು ಉದ್ದ ಮತ್ತು ಆಳದ ಬಿರುಕು ತಿರಸ್ಕಾರಕ್ಕೆ ಕಾರಣವಾಗುತ್ತದೆ, ಯಾವ ವಿಧಾನದಿಂದ ನೋಡಲಾಗುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. "ಬಿರುಕು ಇರಬಾರದು" ಎಂಬ ಒಂದೇ ಮಾತು ಒಪ್ಪಂದವಾಗುವುದಿಲ್ಲ.

2. ಪ್ರತಿ ಬಗೆಯ ಬಿಡಿಭಾಗಕ್ಕೂ ಮಾಸ್ಟರ್ ಪೀಸ್‌ಗಳನ್ನು ಸಿದ್ಧಪಡಿಸಬೇಕು. ಒಂದು ದೋಷರಹಿತ ತುಂಡು. ಇನ್ನೊಂದರಲ್ಲಿ ಇಡಿಎಂ ಯಂತ್ರದಿಂದ ಕೊರೆದ 0.2, 0.5 ಮತ್ತು 1.0 ಮಿಲಿಮೀಟರ್ ಆಳದ ಸೀಳುಗಳು. ಲೋಹ, ಹೀಟ್ ಟ್ರೀಟ್‌ಮೆಂಟ್, ಆಕಾರ ಎಲ್ಲವೂ ನಿಜವಾದ ತುಂಡಿನಂತೆಯೇ ಇರಬೇಕು. ಇದನ್ನು ಖರೀದಿದಾರ ಸಂಸ್ಥೆಗೆ ತೋರಿಸಿ ಒಪ್ಪಿಗೆ ಪಡೆದು, ಎರಡೂ ಕಡೆ ಒಂದೊಂದು ಜೊತೆ ಇಟ್ಟುಕೊಂಡರೆ ಮುಂದಿನ ವಾದಗಳು ಎಷ್ಟೋ ಕಡಿಮೆಯಾಗುತ್ತವೆ.

3. ಪರೀಕ್ಷೆಯ ಆರಂಭದಲ್ಲಿ, ನಡುವೆ ನಿಯತವಾಗಿ ಮತ್ತು ಕೊನೆಯಲ್ಲಿ ಮಾಸ್ಟರ್ ಪೀಸ್‌ನಿಂದ ಉಪಕರಣವನ್ನು ಸರಿನೋಡಬೇಕು. ಅಂಕಿ ತಪ್ಪಿದ್ದರೆ ಹಿಂದಿನ ಸರಿಯಾದ ಪರಿಶೀಲನೆಯ ಬಳಿಕ ಪರೀಕ್ಷಿಸಿದ ತುಂಡುಗಳನ್ನೆಲ್ಲ ಮತ್ತೆ ಪರೀಕ್ಷಿಸಬೇಕು.

4. ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸುವಾಗ ಅದಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದಷ್ಟೇ ಕೇಳದೆ, ನಮಗೆ ಬೇಕಾದ ವಿಧಾನವು ಆ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ತುಂಡುಗಳ ಜೊತೆಗೆ ಮಾಸ್ಟರ್ ಪೀಸನ್ನೂ ಕಳುಹಿಸಬೇಕು.

5. ಕೆಲಸಗಾರರಲ್ಲಿ ಒಬ್ಬರಿಗಾದರೂ ತರಬೇತಿ ಕೊಡಿಸಬೇಕು. ಹಾನಿರಹಿತ ಪರೀಕ್ಷಕರ ಅರ್ಹತೆಗೆ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 9712 ಮತ್ತು ಭಾರತೀಯ ಮಾನಕವಾದ ಐಎಸ್ 13805 ಇವೆ. ಮೂರು ಹಂತಗಳ ಪ್ರಮಾಣಪತ್ರಗಳಿವೆ. ಭಾರತೀಯ ಹಾನಿರಹಿತ ಪರೀಕ್ಷಾ ಸಂಘಕ್ಕೆ ಬೆಂಗಳೂರಿನಲ್ಲಿಯೂ ಶಾಖೆಯಿದೆ. ಪರೀಕ್ಷಕರ ಸಮೀಪದೃಷ್ಟಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ನಿಯಮವನ್ನೂ ಮರೆಯಬಾರದು.

6. ಒಂದೇ ಪ್ರದೇಶದ ಹತ್ತಿಪ್ಪತ್ತು ಘಟಕಗಳು ಕೂಡಿದರೆ ಒಂದು ಉಪಕರಣ, ಒಬ್ಬ ಅರ್ಹ ಪರೀಕ್ಷಕ ಮತ್ತು ಮಾಸ್ಟರ್ ಪೀಸ್‌ಗಳ ಒಂದು ಕಪಾಟು ಕಷ್ಟವಲ್ಲ. ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವು ನೀಡುವ ಕೇಂದ್ರ ಸರ್ಕಾರದ ಸಣ್ಣ ಉದ್ದಿಮೆಗಳ ಸಮೂಹ ಅಭಿವೃದ್ಧಿ ಯೋಜನೆಯನ್ನು ಇದಕ್ಕೆ ಬಳಸಿಕೊಳ್ಳುವ ಬಗ್ಗೆ ಉದ್ದಿಮೆದಾರರ ಸಂಘಗಳು ಆಲೋಚಿಸಬೇಕು. ಬಡಾವಣೆಯ ಸುತ್ತಲಿನ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳೊಡನೆ ಮಾತುಕತೆ ನಡೆಸುವುದೂ ಉಪಯುಕ್ತ.

ಮತ್ತೆ ನಮ್ಮ ಕಲ್ಪಿತ ಮಾಲೀಕರ ಬಳಿಗೆ ಬರೋಣ. ಲಾಟ್ ಹಿಂದಿರುಗಿದ ದಿನ ಅವರ ಬಳಿ ಒಪ್ಪಿಗೆಯ ಮಾಸ್ಟರ್ ಪೀಸ್ ಒಂದಿದ್ದರೆ, ಅದನ್ನೂ ಆ ಮೂರು ಬುಷ್‌ಗಳನ್ನೂ ಒಂದೇ ಪ್ರೋಬ್‌ನಡಿ ಇಟ್ಟು ನೋಡಿ ಎಂದು ಕೇಳುವ ಹಕ್ಕು ಅವರಿಗಿರುತ್ತಿತ್ತು. ಬಿರುಕು ನಿಜವಾಗಿದ್ದರೆ ಅದು ಕಚ್ಚಾ ಸರಳಿನಿಂದ ಬಂದದ್ದೋ ತಮ್ಮ ಲೇತ್‌ನಲ್ಲಿ ಆದದ್ದೋ ಎಂದು ಹುಡುಕಿ ಮುಂದಿನ ಲಾಟ್ ಉಳಿಸಿಕೊಳ್ಳಬಹುದಿತ್ತು. ಬಿರುಕಿಲ್ಲದಿದ್ದರೆ ಈ ಲಾಟನ್ನೇ ಉಳಿಸಿಕೊಳ್ಳಬಹುದಿತ್ತು. ಎರಡಕ್ಕೂ ಅವರ ಮೇಜಿನ ಸೆಳೆಖಾನೆಯಲ್ಲಿ ಇರಬೇಕಾಗಿದ್ದುದು ಅಂಗೈಯಗಲದ ಒಂದು ಲೋಹದ ತುಂಡು ಮತ್ತು ಅದರ ಜೊತೆಗೆ ಸಹಿಯಾದ ಒಂದು ಕಾಗದ. ಮುಂದಿನ ಆರ್ಡರ್‌ನ ಮೊದಲ ಲಾಟ್ ತಯಾರಾದಾಗ ಅದರಿಂದ ಒಂದು ಒಳ್ಳೆಯ ತುಂಡನ್ನು ಎತ್ತಿಡುವುದರಿಂದಲೇ ನಮ್ಮ ಉದ್ದಿಮೆದಾರರು ಈ ಕೆಲಸವನ್ನು ಆರಂಭಿಸಬಹುದು.